ಏರುಪೇರಿನೊಳಗಿನ ಹೊಂದಾಣಿಕೆ

ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಗಡಿಯಾರಗಳಿವೆ? ಚಾವಡಿಯ ಗೋಡೆಯಲ್ಲೊಂದು, ಅಡುಗೆಮನೆಯಲ್ಲೊಂದು, ಮಲಗುವ ಕೋಣೆಯಲ್ಲಿ ಅಲಾರಂ ಇರುವುದೊಂದು, ಜೊತೆಗೆ ಎರಡೋ ಮೂರೋ ಮೊಬೈಲ್. ಒಮ್ಮೆ ಎಲ್ಲವನ್ನೂ ನೋಡಿಕೊಂಡು ಬನ್ನಿ. ಗೋಡೆಯ ಗಡಿಯಾರ ಮೂರು ನಿಮಿಷ ಮುಂದೆ, ಅಲಾರಂ ಎರಡು ನಿಮಿಷ ಹಿಂದೆ. ಮಕ್ಕಳಿಗೆ ಶಾಲೆಯ ಬಸ್ಸು ತಪ್ಪದಿರಲೆಂದು ಅಡುಗೆಮನೆಯದನ್ನು ನೀವೇ ಹತ್ತು ನಿಮಿಷ ಮುಂದಿಟ್ಟಿರಲೂಬಹುದು.

ಮನೆಯ ಮಂದಿಯೂ ಹೀಗೆಯೇ ಅಲ್ಲವೇ? ದೊಡ್ಡವನು ಕರೆಯುವ ಮೊದಲೇ ಎದ್ದು ಪುಸ್ತಕ ಹಿಡಿಯುತ್ತಾನೆ. ಚಿಕ್ಕವಳನ್ನು ನಾಲ್ಕು ಸಲ ಕರೆದರೂ ಹೊದಿಕೆಯೊಳಗಿಂದ ತಲೆ ಹೊರಗೆ ಬರುವುದಿಲ್ಲ. ಅತ್ತೆಗೆ ಏಳು ಗಂಟೆಗೇ ಚಹಾ ಬೇಕು, ಯಜಮಾನರಿಗೆ ಎಂಟಕ್ಕೆ. “ಎಲ್ಲರೂ ಒಂದೇ ತರಹ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!” ಎಂದು ಒಮ್ಮೆಯೂ ನಿಟ್ಟುಸಿರು ಬಿಡದ ತಾಯಿ ಸಿಗುವುದು ಕಷ್ಟ.

ನಿಜವಾಗಿಯೂ ಚೆನ್ನಾಗಿರುತ್ತಿತ್ತೇ? ಇದು ಬರೀ ಮನೆವಾರ್ತೆಯ ಪ್ರಶ್ನೆಯಲ್ಲ. ಹಲವಾರು ಬಿಡಿ ವಸ್ತುಗಳು ಸೇರಿ ಒಂದೇ ಲಯದಲ್ಲಿ ನಡೆಯಬೇಕಾದರೆ ಅವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರಬೇಕೇ ಎಂಬುದನ್ನು ವಿಜ್ಞಾನಿಗಳೂ ಗಂಭೀರವಾಗಿ ಕೇಳಿದ್ದಾರೆ. ಅವರಿಗೆ ಸಿಕ್ಕ ಉತ್ತರ ಅವರನ್ನೇ ಬೆರಗುಗೊಳಿಸಿತು.

ಹಾಸಿಗೆಯಲ್ಲಿ ಮಲಗಿದವನು ಕಂಡದ್ದು

ಈ ಕಥೆ ಆರಂಭವಾಗುವುದು 1665ರ ಫೆಬ್ರವರಿಯಲ್ಲಿ, ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ. ಲೋಲಕದ ಗಡಿಯಾರವನ್ನು ಕಂಡುಹಿಡಿದ ಕ್ರಿಸ್ಟಿಯಾನ್ ಹೈಗನ್ಸ್ ಎಂಬ ವಿಜ್ಞಾನಿ ಅನಾರೋಗ್ಯದಿಂದ ಕೆಲವು ದಿನ ಹಾಸಿಗೆ ಹಿಡಿದಿದ್ದರು. ಎದುರಿಗೆ ಅವರೇ ಮಾಡಿಸಿದ ಎರಡು ಗಡಿಯಾರಗಳು ತೂಗುತ್ತಿದ್ದವು. ಮಲಗಿದ್ದಲ್ಲಿಂದಲೇ ನೋಡುತ್ತಾ ಅವರಿಗೊಂದು ವಿಚಿತ್ರ ಕಂಡಿತು. ಒಂದರ ಲೋಲಕ ಎಡಕ್ಕೆ ಹೋದಾಗ ಇನ್ನೊಂದರದ್ದು ಸರಿಯಾಗಿ ಬಲಕ್ಕೆ ಹೋಗುತ್ತಿತ್ತು. ಒಂದು ಟಿಕ್ ಕೂಡಾ ತಪ್ಪುತ್ತಿರಲಿಲ್ಲ. ಬೇಕೆಂದೇ ಒಂದನ್ನು ತಡೆದು ಲಯ ಕೆಡಿಸಿ ನೋಡಿದರು. ಅರ್ಧ ಗಂಟೆಯೊಳಗೆ ಮತ್ತೆ ಅದೇ ಜೋಡಿ ನಡಿಗೆ!

ಗಾಳಿಯ ಅಲುಗಾಟ ಕಾರಣವಿರಬಹುದೆಂದು ಮೊದಲು ಅವರು ಭಾವಿಸಿದರು. ಪರೀಕ್ಷಿಸಿ ನೋಡಿದಾಗ ಕಾರಣ ಎರಡನ್ನೂ ಹೊತ್ತಿದ್ದ ಮರದ ತೊಲೆಯೆಂದು ತಿಳಿಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಅದುರು ಆ ತೊಲೆಯ ಮೂಲಕ ಒಂದರಿಂದ ಇನ್ನೊಂದಕ್ಕೆ ಹೋಗಿ, ಎರಡೂ ಪರಸ್ಪರ ತಿದ್ದಿಕೊಳ್ಳುತ್ತಿದ್ದವು. ಒಂದಕ್ಕೊಂದು ಸಂಬಂಧವಿರುವ ವಸ್ತುಗಳು ಹೀಗೆ ತಾವಾಗಿಯೇ ಒಂದೇ ಲಯಕ್ಕೆ ಬರುವುದನ್ನು ಏಕಲಯ ಎನ್ನೋಣ.

ಏಕಲಯಕ್ಕೆ ಯಜಮಾನ ಬೇಕಿಲ್ಲ, ಕೋಲು ಹಿಡಿದು ತಾಳ ಹಾಕುವವರು ಬೇಕಿಲ್ಲ. ಮಲೇಷ್ಯಾ, ಥಾಯ್ಲೆಂಡ್‌ಗಳ ನದೀತೀರದ ಮರಗಳಲ್ಲಿ ಸಾವಿರಾರು ಮಿಂಚುಹುಳಗಳು ಕೂತು ಒಟ್ಟಿಗೆ ಬೆಳಗಿ ಒಟ್ಟಿಗೆ ಆರುತ್ತವೆ. ಅಲ್ಲಿ ನಾಯಕ ಹುಳವೆಂಬುದಿಲ್ಲ. ಪ್ರತಿ ಹುಳವೂ ನೆರೆಯವರ ಬೆಳಕು ನೋಡಿ ತನ್ನ ಸರದಿಯನ್ನು ಸ್ವಲ್ಪ ಹಿಂದು ಮುಂದು ಮಾಡಿಕೊಳ್ಳುತ್ತದೆ, ಅಷ್ಟೆ.

ನಿಮ್ಮೊಳಗೇ ಇರುವ ಗಡಿಯಾರಗಳು

ದೂರದ ನದೀತೀರ ಏಕೆ, ನಿಮ್ಮ ಎದೆಯ ಮೇಲೆ ಕೈಯಿಟ್ಟು ನೋಡಿ. ಹೃದಯದ ಬಲಭಾಗದ ಮೇಲಿನ ಕೋಣೆಯ ಗೋಡೆಯಲ್ಲಿ ಸುಮಾರು ಹತ್ತು ಸಾವಿರ ವಿಶೇಷ ಜೀವಕೋಶಗಳ ಒಂದು ಗುಂಪಿದೆ. ಪ್ರತಿ ಬಡಿತಕ್ಕೂ ಅಪ್ಪಣೆ ಹೊರಡುವುದು ಅಲ್ಲಿಂದ. ಈ ಕೋಶಗಳು ಒಂದೇ ತರಹ ಇಲ್ಲ. ಬಿಡಿಬಿಡಿಯಾಗಿ ತೆಗೆದಿಟ್ಟರೆ ಒಂದು ಬೇಗ ಮಿಡಿಯುತ್ತದೆ, ಇನ್ನೊಂದು ನಿಧಾನ. ಒಟ್ಟಿಗಿದ್ದಾಗ ಮಾತ್ರ ಎಲ್ಲವೂ ಸೇರಿ ಒಂದೇ ಬಡಿತ.

ಮೆದುಳಿನಲ್ಲೂ ಇಂತಹದೇ ಏರ್ಪಾಡಿದೆ. ಎರಡು ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಮೇಲೆ ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಒಂದು ಪುಟ್ಟ ಗುಂಪು ಕೂತಿದೆ. ಹೊತ್ತಿಗೆ ಸರಿಯಾಗಿ ನಿದ್ದೆ, ಎಚ್ಚರ, ಮೈಯ ಶಾಖದ ಏರಿಳಿತ ಎಲ್ಲವನ್ನೂ ನಡೆಸುವ ದಿನದ ಗಡಿಯಾರ ಅದೇ. ಅಲ್ಲಿರುವ ಒಂದೊಂದು ಕೋಶವನ್ನೂ ಬೇರ್ಪಡಿಸಿ ಅಳೆದಾಗ ಕೆಲವು ಕೋಶಗಳ ‘ದಿನ’ 24 ಗಂಟೆಗಿಂತ ಕಡಿಮೆ, ಕೆಲವುಗಳದ್ದು ಅದಕ್ಕಿಂತ ಹೆಚ್ಚು. ಒಟ್ಟು ಸೇರಿದಾಗ ಒಂದೇ ದಿನ.

ಇನ್ನೂ ಸೋಜಿಗದ ಸಂಗತಿಯಿದೆ. ಈ ಕೋಶಗಳು ಒಂದೇ ಕ್ಷಣದಲ್ಲಿ ಚುರುಕಾಗುವುದಿಲ್ಲ. ಕೆಲವು ಬೆಳಿಗ್ಗೆಯೇ, ಕೆಲವು ತುಸು ತಡವಾಗಿ. ಹಗಲು ದೀರ್ಘವಾಗಿರುವ ಕಾಲದಲ್ಲಿ ಈ ಹಿಂದುಮುಂದು ಹೆಚ್ಚುತ್ತದೆ, ಹಗಲು ಚಿಕ್ಕದಾದಾಗ ಕಡಿಮೆಯಾಗುತ್ತದೆ. ಋತು ಬದಲಾದದ್ದು ದೇಹಕ್ಕೆ ತಿಳಿಯುವ ದಾರಿಗಳಲ್ಲಿ ಇದೂ ಒಂದು. ಎಲ್ಲ ಕೋಶಗಳೂ ಏಕಕಾಲಕ್ಕೆ ಚುರುಕಾಗುತ್ತಿದ್ದರೆ ಈ ಸುದ್ದಿ ಮುಟ್ಟಿಸುವವರೇ ಇರುತ್ತಿರಲಿಲ್ಲ.

ಲೆಕ್ಕ ತಲೆಕೆಳಗಾದದ್ದು

ಜಪಾನಿನ ಯೋಶಿಕಿ ಕುರಮೊಟೊ 1975ರಲ್ಲಿ ಏಕಲಯದ ಗಣಿತವನ್ನು ಸರಳ ಸೂತ್ರಕ್ಕೆ ಇಳಿಸಿದರು. ಅದರ ಸಾರ ಇಷ್ಟೇ: ಬಿಡಿ ಘಟಕಗಳ ನಡುವಿನ ವ್ಯತ್ಯಾಸ ಕಡಿಮೆಯಿದ್ದು ಅವುಗಳ ನಂಟು ಬಲವಾಗಿದ್ದರೆ ಎಲ್ಲವೂ ಒಂದೇ ಲಯಕ್ಕೆ ಬರುತ್ತವೆ. ವ್ಯತ್ಯಾಸ ತೀರಾ ಹೆಚ್ಚಾದರೆ ಒಂದೊಂದೂ ತನ್ನ ದಾರಿ ಹಿಡಿಯುತ್ತದೆ. ಇದನ್ನು ಓದಿದವರಿಗೆ ಸಹಜವಾಗಿ ಅನ್ನಿಸಿದ್ದೇನು? ವ್ಯತ್ಯಾಸವೇ ಇಲ್ಲದಿದ್ದರೆ ಅತ್ಯುತ್ತಮ! ಎಲ್ಲವೂ ತದ್ರೂಪಿಗಳಾಗಿದ್ದರೆ ಏಕಲಯ ಸುಲಭ. ವರ್ಷಗಳ ಕಾಲ ಇದೇ ನಂಬಿಕೆ ನಡೆದು ಬಂತು.

1995ರಲ್ಲಿ ಯೂರಿ ಬ್ರೈಮನ್, ಜಾನ್ ಲಿಂಡ್ನರ್ ಮತ್ತು ವಿಲಿಯಂ ಡಿಟ್ಟೊ ಎಂಬ ಮೂವರು ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಸಾಲಾಗಿ ಜೋಡಿಸಿದ ಲೋಲಕಗಳನ್ನು ಅವರು ಕಂಪ್ಯೂಟರಿನಲ್ಲಿ ತೂಗಿಸಿದ್ದರು. ಪ್ರತಿ ಲೋಲಕವೂ ನೆರೆಯದಕ್ಕೆ ಕಟ್ಟಿಕೊಂಡಿತ್ತು. ಎಲ್ಲದರ ಉದ್ದ ಒಂದೇ ಇದ್ದಾಗ ಸಾಲಿಗೆ ಸಾಲೇ ಗೊಂದಲಕ್ಕೆ ಬಿತ್ತು. ಯಾವುದು ಯಾವಾಗ ಎತ್ತ ತೂಗುತ್ತದೆಂದು ಹೇಳುವಂತಿರಲಿಲ್ಲ. ಆಮೇಲೆ ಲೋಲಕಗಳ ಉದ್ದವನ್ನು ಲಂಗುಲಗಾಮಿಲ್ಲದೆ ಹೆಚ್ಚು ಕಡಿಮೆ ಮಾಡಿದರು. ಒಂದು ಉದ್ದ, ಒಂದು ಗಿಡ್ಡ. ಗೊಂದಲ ಇಮ್ಮಡಿಯಾಗುವ ಬದಲು ಸಾಲು ಶಿಸ್ತಿಗೆ ಬಂತು!

ಇದು ಹೇಗೆ ಸಾಧ್ಯ? ಎಲ್ಲವೂ ಒಂದೇ ತರಹ ಇದ್ದಾಗ ಎಲ್ಲಕ್ಕೂ ಒಂದೇ ದೌರ್ಬಲ್ಯ. ಹುಚ್ಚು ಹಿಡಿದರೆ ಎಲ್ಲಕ್ಕೂ ಒಟ್ಟಿಗೆ ಹಿಡಿಯುತ್ತದೆ, ಹಿಡಿದು ನಿಲ್ಲಿಸುವವರು ಇಲ್ಲ. ಉದ್ದಗಳು ಬೇರೆಬೇರೆಯಾದಾಗ ಕೆಲವು ಲೋಲಕಗಳು ಅದೇ ತಳ್ಳಾಟಕ್ಕೂ ಶಾಂತವಾಗಿ ತೂಗುತ್ತವೆ. ಅವು ನೆರೆಯವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ.

ಕಂಪ್ಯೂಟರಿನಲ್ಲಿ ಕಂಡದ್ದು ನಿಜವಾದ ಯಂತ್ರದಲ್ಲೂ ಕಂಡೀತೇ? ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಆಡಿಲ್ಸನ್ ಮೊಟ್ಟರ್ ಮತ್ತವರ ಸಂಗಡಿಗರು ಮೂರು ವಿದ್ಯುತ್ ಜನರೇಟರುಗಳನ್ನು ಒಂದಕ್ಕೊಂದು ಜೋಡಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರೂ ತದ್ರೂಪಿಯಾಗಿದ್ದಾಗ ಒಂದೇ ಲಯ ನಿಲ್ಲಲಿಲ್ಲ. ಅವುಗಳ ಗುಣದಲ್ಲಿ ತಕ್ಕಷ್ಟು ವ್ಯತ್ಯಾಸ ಮಾಡಿದಾಗ ಲಯ ಕೂಡಿ ಬಂತು.

ಮರುವರ್ಷ, ಅಂದರೆ 2021ರಲ್ಲಿ ಇದೇ ಮೊಟ್ಟರ್ ಮತ್ತು ಇತರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಘಟಕಗಳ ನಡುವೆ ಸುದ್ದಿ ತಡವಾಗಿ ತಲುಪುವ ಜಾಲಗಳನ್ನು ಅವರು ಆರಿಸಿಕೊಂಡರು. ನಿಜ ಜೀವನದಲ್ಲಿ ಸುದ್ದಿ ತಡವಾಗಿಯೇ ತಲುಪುತ್ತದಲ್ಲವೇ? ಇಂತಹ ಜಾಲಗಳಲ್ಲಿ ಎಲ್ಲವನ್ನೂ ಸಮನಾಗಿಸಲು ಜಾಣತನದಿಂದ ಮಾಡಿದ ಏರ್ಪಾಡಿಗಿಂತ, ಮನಸೋಇಚ್ಛೆ ಹರಡಿದ ಮಧ್ಯಮ ಪ್ರಮಾಣದ ವ್ಯತ್ಯಾಸವೇ ಏಕಲಯಕ್ಕೆ ಹೆಚ್ಚು ನೆರವಾಯಿತು. ರಾಸಾಯನಿಕ ದ್ರಾವಣದಲ್ಲಿ ಅದ್ದಿದ ವಿದ್ಯುದ್ವಾರಗಳ ಮೇಲೆ ಪ್ರಯೋಗ ಮಾಡಿದಾಗಲೂ ವ್ಯತ್ಯಾಸವೇ ಏಕಲಯವನ್ನು ಕಾಪಾಡಿತು. ‘ಮಧ್ಯಮ’ ಎಂಬ ಮಾತನ್ನು ನೆನಪಿಡಿ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಜೇನುಗೂಡಿನ ಬೀಸಣಿಗೆ

ಲೋಲಕ, ಜನರೇಟರು ಎಂದರೆ ಬೇಸರವೇ? ಹಾಗಾದರೆ ಜೇನುಗೂಡಿಗೆ ಹೋಗೋಣ.

ಜೇನುಗೂಡಿನಲ್ಲಿ ಮರಿಗಳಿರುವ ಭಾಗದ ಶಾಖ 32ರಿಂದ 36 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಬಿಸಿ ಹೆಚ್ಚಾದರೆ ಕೆಲಸಗಾರ ನೊಣಗಳು ರೆಕ್ಕೆಯಿಂದ ಗಾಳಿ ಬೀಸುತ್ತವೆ. ಚಳಿಯಾದರೆ ಒತ್ತೊತ್ತಾಗಿ ಕೂತು ಮೈಯ ಸ್ನಾಯುಗಳನ್ನು ನಡುಗಿಸಿ ಬೆಚ್ಚಗಾಗಿಸುತ್ತವೆ. ರಾಣಿನೊಣ ಒಂದಕ್ಕಿಂತ ಹೆಚ್ಚು ಗಂಡುನೊಣಗಳೊಡನೆ ಕೂಡಿರುವುದರಿಂದ ಗೂಡಿನ ಕೆಲಸಗಾರರಿಗೆ ತಾಯಿ ಒಬ್ಬಳೇ ಆದರೂ ತಂದೆಯರು ಹಲವರು. ಅದರಿಂದ ಗುಣವೂ ಬೇರೆಬೇರೆ. ಕೆಲವಕ್ಕೆ ಬೇಗ ಸೆಕೆಯಾಗುತ್ತದೆ, ಕೆಲವಕ್ಕೆ ತಡವಾಗಿ.

ಆಸ್ಟ್ರೇಲಿಯಾದ ಸಂಶೋಧಕರು ಒಂದೇ ತಂದೆಯ ನೊಣಗಳಿರುವ ಗೂಡನ್ನೂ ಹಲವು ತಂದೆಯರ ನೊಣಗಳಿರುವ ಗೂಡನ್ನೂ ಹೋಲಿಸಿ 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬೆರಕೆ ಗೂಡಿನ ಶಾಖವೇ ಹೆಚ್ಚು ಸ್ಥಿರವಾಗಿತ್ತು. ಕಾರಣವನ್ನು ನೀವೇ ಊಹಿಸಬಲ್ಲಿರಿ. ಎಲ್ಲ ನೊಣಗಳಿಗೂ ಒಂದೇ ಶಾಖದಲ್ಲಿ ಸೆಕೆಯಾದರೆ ಎಲ್ಲವೂ ಒಟ್ಟಿಗೆ ಬೀಸತೊಡಗಿ ಗೂಡು ತಣ್ಣಗಾಗಿಬಿಡುತ್ತದೆ. ಕೂಡಲೇ ಎಲ್ಲವೂ ಒಟ್ಟಿಗೆ ನಿಲ್ಲಿಸುತ್ತವೆ. ಮತ್ತೆ ಬಿಸಿ, ಮತ್ತೆ ತಂಪು. ಗುಣ ಬೇರೆಬೇರೆಯಾದರೆ ಮೊದಲು ನಾಲ್ಕು ಬೀಸುತ್ತವೆ, ಸಾಲದಿದ್ದರೆ ಇನ್ನು ಹತ್ತು ಸೇರುತ್ತವೆ. ಬೇಕಾದಷ್ಟೇ ಗಾಳಿ, ಬೇಕಾದಷ್ಟೇ ಹೊತ್ತು.

ಕೂಡುಕುಟುಂಬದ ಅಡುಗೆಮನೆ ಕಂಡವರಿಗೆ ಇದು ಹೊಸತಲ್ಲ. ಹಬ್ಬದ ದಿನ ಐವರು ಹೆಂಗಸರೂ ಒಟ್ಟಿಗೆ ಒಲೆಯ ಮುಂದೆ ನಿಂತರೆ ಕೆಲಸ ಸಾಗುವುದಿಲ್ಲ. ಐವರೂ ಒಟ್ಟಿಗೆ ಎದ್ದುಹೋದರೆ ಸಾರು ತಳ ಹಿಡಿಯುತ್ತದೆ.

ರಾಯಚೂರಿನಿಂದ ಸೊಲ್ಲಾಪುರಕ್ಕೆ

ಈಗ ನಿಮ್ಮ ಮನೆಯ ಸ್ವಿಚ್ ಒತ್ತಿ. ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಅದನ್ನು ಉತ್ಪಾದಿಸುವ ಜನರೇಟರುಗಳೆಲ್ಲ ಈ ಒಂದೇ ಲಯ ಹಿಡಿದಿರಬೇಕು. ರಾಯಚೂರಿನ ಕಲ್ಲಿದ್ದಲು ಸ್ಥಾವರದ ಯಂತ್ರ ನಿಮಿಷಕ್ಕೆ 3000 ಸುತ್ತು ಸುತ್ತುತ್ತದೆ. ಶರಾವತಿಯ ನೀರಿನ ಯಂತ್ರ ಅದಕ್ಕಿಂತ ಎಷ್ಟೋ ನಿಧಾನ. ಆದರೂ ಎರಡರಿಂದಲೂ ಬರುವುದು 50ರ ಲಯವೇ. ಯಂತ್ರದ ರಚನೆಯೇ ಹಾಗೆ.

ಲಯ ತಪ್ಪಿದರೆ ಏನಾಗುತ್ತದೆಂದು ದೇಶ 2012ರಲ್ಲಿ ಕಂಡಿತು. ಜುಲೈ 30ರ ನಸುಕಿನಲ್ಲಿ ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ ಮತ್ತು ಈಶಾನ್ಯದ ಜಾಲಗಳು ಮೂರೂ ಒಟ್ಟಿಗೆ ಬಿದ್ದವು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶದಲ್ಲಿ ವಿದ್ಯುತ್ ಇಲ್ಲ! ರೈಲುಗಳು ಹಳಿಯ ಮೇಲೆ ನಿಂತವು, ಗಣಿಯ ಕಾರ್ಮಿಕರು ನೆಲದಡಿ ಸಿಕ್ಕಿಬಿದ್ದರು. ಮಿತಿಮೀರಿ ಹೊರೆ ಹೊತ್ತಿದ್ದ ಒಂದು ಮಾರ್ಗ ಕಡಿದುಕೊಂಡಾಗ ಅದರ ಹೊರೆ ಬೇರೆ ಮಾರ್ಗಗಳ ಮೇಲೆ ಬಿದ್ದು, ಒಂದರ ಹಿಂದೊಂದು ಕಡಿಯುತ್ತಾ ಹೋಗಿ ಜನರೇಟರುಗಳ ಹೆಜ್ಜೆ ತಪ್ಪಿತ್ತು.

ಅಂದು ಕರ್ನಾಟಕವೂ ಸೇರಿ ದಕ್ಷಿಣದ ರಾಜ್ಯಗಳು ಕತ್ತಲಲ್ಲಿ ಮುಳುಗಲಿಲ್ಲ. ದಕ್ಷಿಣದ ಜಾಲ ಆಗ ಉಳಿದ ದೇಶದೊಂದಿಗೆ ಒಂದೇ ಲಯದಲ್ಲಿ ಇರಲಿಲ್ಲ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವಂತಹ ಮಾರ್ಗಗಳು ವಿದ್ಯುತ್ತನ್ನು ಏಕಮುಖ ಪ್ರವಾಹವಾಗಿ ಸಾಗಿಸುತ್ತವೆ. ಅದಕ್ಕೆ ಎರಡು ಬದಿಯ ಲಯ ಒಂದೇ ಆಗಿರಬೇಕಿಲ್ಲ. ಹೀಗಾಗಿ ಆ ಬದಿಯ ಕುಸಿತ ಈ ಬದಿಯನ್ನು ಎಳೆದುಕೊಳ್ಳಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಚಾಲನೆಗೊಂಡು ಇಡೀ ದೇಶ ಒಂದೇ ಲಯಕ್ಕೆ ಬಂತು. ಒಂದು ಕಡೆ ಕೊರತೆಯಾದರೆ ಇನ್ನೊಂದು ಕಡೆಯಿಂದ ಸುಲಭವಾಗಿ ತರಬಹುದೆಂಬ ದೊಡ್ಡ ಲಾಭ ಅದರಿಂದ ಸಿಕ್ಕಿತು. ಆದರೆ ಒಟ್ಟಿಗೆ ನಡೆಯುವವರು ಒಟ್ಟಿಗೆ ಎಡವದಂತೆ ಹೆಚ್ಚು ಎಚ್ಚರವೂ ಬೇಕಾಯಿತು.

ಇಲ್ಲಿಯೂ ವ್ಯತ್ಯಾಸ ಉಪಕಾರಿಯೇ? 2021ರಲ್ಲಿ ಮೊಟ್ಟರ್ ಬಳಗ ವಿದ್ಯುತ್ ಜಾಲಗಳ ಲೆಕ್ಕ ಹಾಕಿ ನೋಡಿತು. ಎಲ್ಲಾದರೂ ತೊಂದರೆಯಾದಾಗ ಜನರೇಟರುಗಳು ಸ್ವಲ್ಪ ತೂಗಾಡುತ್ತವೆ. ಈ ತೂಗಾಟವನ್ನು ಅಡಗಿಸುವ ಶಕ್ತಿ ಎಲ್ಲ ಜನರೇಟರುಗಳಲ್ಲೂ ಒಂದೇ ಇರುವುದಕ್ಕಿಂತ, ಸರಿಯಾಗಿ ಲೆಕ್ಕ ಹಾಕಿ ಬೇರೆಬೇರೆ ಇಟ್ಟರೆ ಜಾಲ ಹೆಚ್ಚು ಗಟ್ಟಿ ಎಂದು ಅವರು ತೋರಿಸಿದರು.

ಅತಿಯಾದ ಏಕಲಯವೇ ಕಾಯಿಲೆ

ಏಕಲಯ ಎಲ್ಲೆಡೆಯೂ ಒಳ್ಳೆಯದಲ್ಲ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ 74 ಸೈನಿಕರು ಹೆಜ್ಜೆಗೆ ಹೆಜ್ಜೆ ಸೇರಿಸಿ ಬ್ರಾಟನ್ ತೂಗುಸೇತುವೆ ದಾಟುವಾಗ ಸೇತುವೆಯೇ ಮುರಿದುಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ಬಳಿಕ ಸೇತುವೆಯ ಮೇಲೆ ಹೆಜ್ಜೆ ತಪ್ಪಿಸಿ ನಡೆಯುವಂತೆ ಸೈನಿಕರಿಗೆ ಆಜ್ಞೆ ಬಂತು.

ನಮ್ಮ ಮೆದುಳಿನಲ್ಲೂ ಹೀಗೆಯೇ. ಕೋಟ್ಯಂತರ ನರಕೋಶಗಳು ತಮ್ಮ ತಮ್ಮ ಕೆಲಸವನ್ನು ತಮ್ಮ ಹೊತ್ತಿಗೆ ಮಾಡುತ್ತಿದ್ದರೆ ನಾವು ಯೋಚಿಸಬಲ್ಲೆವು, ನಡೆಯಬಲ್ಲೆವು. ಇದ್ದಕ್ಕಿದ್ದಂತೆ ಒಂದು ದೊಡ್ಡ ಗುಂಪು ಮಿತಿಮೀರಿ ಒಟ್ಟಿಗೆ ಮಿಡಿಯತೊಡಗಿದರೆ ಅದೇ ಅಪಸ್ಮಾರದ ಸೆಳೆತ. ನಮ್ಮಲ್ಲಿ ಇನ್ನೂ ಕೆಲವರು ಇದನ್ನು ಗಾಳಿ ಸೋಂಕು ಎನ್ನುತ್ತಾರೆ, ಕೈಗೆ ಕಬ್ಬಿಣ ಕೊಡುತ್ತಾರೆ, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಬಾಯಿಗೆ ಏನನ್ನೂ ಹಾಕಬೇಡಿ. ಸೆಳೆತ ಐದು ನಿಮಿಷಕ್ಕಿಂತ ಹೆಚ್ಚು ಮುಂದುವರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇದು ಔಷಧಿಯಿಂದ ಹತೋಟಿಗೆ ತರಬಹುದಾದ ಕಾಯಿಲೆ.

ಹೆರಿಗೆ ವಾರ್ಡಿನಲ್ಲಿ ಹೊಟ್ಟೆಗೆ ಎರಡು ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಗೀಚುವ ಯಂತ್ರವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅದರಲ್ಲಿ ಗೀಟು ಗರಗಸದಂತೆ ಏರಿಳಿಯುವುದನ್ನು ಕಂಡು ಚೊಚ್ಚಲ ಬಸುರಿ ಗಾಬರಿಯಾಗುವುದುಂಟು. ವಾಸ್ತವದಲ್ಲಿ ವೈದ್ಯರು ನೋಡಬಯಸುವುದು ಆ ಸಣ್ಣ ಏರಿಳಿತವನ್ನೇ. ನಿಮಿಷಕ್ಕೆ 5ರಿಂದ 25 ಬಡಿತಗಳಷ್ಟು ವ್ಯತ್ಯಾಸ ಆರೋಗ್ಯದ ಲಕ್ಷಣ. ಹೃದಯವನ್ನು ಚುರುಕುಗೊಳಿಸುವ ನರ ಒಂದು, ನಿಧಾನಗೊಳಿಸುವ ನರ ಇನ್ನೊಂದು. ಎರಡೂ ಎಳೆದಾಡುವುದರಿಂದ ಈ ಏರಿಳಿತ. ಗೀಟು ಚಪ್ಪಟೆಯಾದರೆ ಮಗು ನಿದ್ದೆಯಲ್ಲಿರಬಹುದು. ಆದರೆ ಬಹಳ ಹೊತ್ತು ಹಾಗೆಯೇ ಉಳಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಹಾಗಾದರೆ ಮನೆಯಲ್ಲಿ?

ಇಷ್ಟನ್ನು ಓದಿ, “ಮನೆ ಅಸ್ತವ್ಯಸ್ತವಾಗಿದ್ದರೇ ಒಳ್ಳೆಯದು” ಎಂದು ತೀರ್ಮಾನಿಸಬೇಡಿ. ಮೊದಲು ಹೇಳಿದ ‘ಮಧ್ಯಮ’ ಎಂಬ ಮಾತಿಗೆ ಈಗ ಬರೋಣ. ವ್ಯತ್ಯಾಸ ವಿಪರೀತವಾದರೆ ಲಯ ಮುರಿಯುತ್ತದೆ ಎಂಬ ಕುರಮೊಟೊ ಅವರ ಮಾತು ಸುಳ್ಳಾಗಿಲ್ಲ. ಎಲ್ಲ ಜಾಲಗಳಲ್ಲೂ ವ್ಯತ್ಯಾಸದಿಂದ ಲಾಭವೆಂದೂ ಇಲ್ಲ. ಅಲ್ಲದೆ ನಂಟೇ ಇಲ್ಲದಿದ್ದರೆ ಯಾವ ವ್ಯತ್ಯಾಸವೂ ಲಯ ತಾರದು. ಹೈಗನ್ಸ್‌ರ ಗಡಿಯಾರಗಳನ್ನು ಕೂಡಿಸಿದ್ದು ಆ ಮರದ ತೊಲೆ. ತೊಲೆಯಿಂದ ಇಳಿಸಿ ಬೇರೆಬೇರೆ ಕೋಣೆಯಲ್ಲಿ ಇಟ್ಟಿದ್ದರೆ ಅವು ಎರಡು ಗಡಿಯಾರಗಳು ಮಾತ್ರ.

ಮನುಷ್ಯರು ಲೋಲಕಗಳಲ್ಲ, ನಿಜ. ಪ್ರಯೋಗಾಲಯದ ಲೆಕ್ಕವನ್ನು ಹಾಗೆಯೇ ತಂದು ಸಂಸಾರದ ಮೇಲೆ ಹೇರಲಾಗದು. ಆದರೂ ಯೋಚಿಸಲು ಇಲ್ಲೊಂದು ವಿಷಯವಿದೆ. “ಅಕ್ಕನನ್ನು ನೋಡಿ ಕಲಿ”, “ಪಕ್ಕದ ಮನೆಯ ಹುಡುಗ ಹೇಗೆ ಓದುತ್ತಾನೆ ನೋಡು” ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೇವೆ? ಹೊಸದಾಗಿ ಬಂದ ಸೊಸೆಯ ಕೈಯ ವೇಗ ನಮ್ಮ ಕೈಯ ವೇಗಕ್ಕೆ ಸಮನಾಗಿಲ್ಲವೆಂದು ಎಷ್ಟು ಬೇಗ ಮುಖ ಗಂಟಿಕ್ಕುತ್ತೇವೆ? ನಿಧಾನವಾಗಿ ಓದುವ ಮಗಳು ಓದಿದ್ದನ್ನು ಮರೆಯದವಳಾಗಿರಬಹುದು. ಮಾತು ಕಡಿಮೆಯಿರುವ ಸೊಸೆ ಮನೆಯಲ್ಲಿ ಎಲ್ಲರಿಗೂ ಸಿಟ್ಟು ಬಂದ ದಿನ ಸಿಟ್ಟಾಗದೆ ಉಳಿಯುವ ಒಬ್ಬಳಾಗಿರಬಹುದು. ಆ ಒಬ್ಬಳಿಂದಲೇ ಅಂದು ಮನೆ ತಣ್ಣಗಾಗುತ್ತದೆ.

ರಮಝಾನ್‌ನ ಒಂದು ಸಂಜೆಯನ್ನು ನೆನಪಿಸಿಕೊಳ್ಳಿ. ಗಂಜಿ ಮಧ್ಯಾಹ್ನವೇ ಒಲೆಯೇರಿರುತ್ತದೆ. ಅತ್ತೆ ಕೂತಲ್ಲಿಯೇ ನಿಧಾನವಾಗಿ ಹಣ್ಣು ಹೆಚ್ಚುತ್ತಾರೆ. ಸಮೋಸ ಮಡಚಲು ತಾಳ್ಮೆಯ ಕೈ ಬೇಕು, ಕರಿಯಲು ಚುರುಕು ಕೈ. ಎಂಟು ವರ್ಷದವನು ಖರ್ಜೂರದ ತಟ್ಟೆ ಹಿಡಿದು ಓಡಾಡುತ್ತಾನೆ. ಯಾರ ವೇಗವೂ ಇನ್ನೊಬ್ಬರದ್ದಲ್ಲ, ಯಾರ ಕೆಲಸವೂ ಒಂದೇ ಹೊತ್ತಿಗೆ ಆರಂಭವಾದದ್ದಲ್ಲ. ಆದರೆ ಇಫ್ತಾರ್‌ನ ಹೊತ್ತಿಗೆ ಎಲ್ಲವೂ ಸುಪ್ರದ ಮೇಲಿರುತ್ತದೆ, ಎಲ್ಲರೂ ಅದರ ಸುತ್ತ ಕೂತಿರುತ್ತಾರೆ.

ನಾಳೆ ಬೆಳಿಗ್ಗೆ ಚಿಕ್ಕವಳನ್ನು ನಾಲ್ಕನೆಯ ಸಲ ಕರೆಯುವಾಗ ಇದನ್ನು ಒಮ್ಮೆ ನೆನಪಿಸಿಕೊಳ್ಳಿ. ಕರೆಯುವುದನ್ನು ನಿಲ್ಲಿಸಬೇಡಿ, ಶಾಲೆಯ ಬಸ್ಸು ಕಾಯುವುದಿಲ್ಲ. ಆದರೆ ಅಣ್ಣನ ಹೆಸರೆತ್ತದೆ ಕರೆಯಿರಿ.